ಬಸುರಿಯರಿಗೆ ಗಂಜಿ ಕಾಸಿದ ಸಂಕವ್ವ

ಯಾವ ಕಾಲವೋ ಯಾರಿಗೂ ಗೊತ್ತಿಲ್ಲ, ಕಲ್ಲು ಒಡೆದೇ ಹೊಟ್ಟೆ ಹೊರೆಯುವ ಒಂದು ಊರಿತ್ತಂತೆ. ಕರಿಗುಡ್ಡ ಅಂತ ಅದರ ಹೆಸರು. ಗಂಡಸರು ಬಂಡೆ ಒಡೆಯುತ್ತಿದ್ದರು, ಹೆಂಗಸರು ಕಲ್ಲು ಹೊರುತ್ತಿದ್ದರು. ದಿನ ತುಂಬಿದ ಬಸುರಿಯೂ ನೋವು ಕಾಣಿಸಿಕೊಳ್ಳುವ ತನಕ ಬುಟ್ಟಿ ಇಳಿಸುತ್ತಿರಲಿಲ್ಲವಂತೆ.

ಆ ಊರಿನ ಸೂಲಗಿತ್ತಿ ಸಂಕವ್ವ. ಬಸುರಿಯ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರೆ ಸಾಕು, ಮೈಯಲ್ಲಿ ರಕ್ತ ಎಷ್ಟಿದೆ ಅಂತ ಹೇಳಿಬಿಡುತ್ತಿದ್ದಳು ಅಂತಾರೆ.

ಒಂದು ಮಳೆಗಾಲ ಅವಳ ಕೈಯಲ್ಲಿ ಏಳು ಹೆರಿಗೆ ಆದವು. ಐದು ಕೂಸು ಮಣ್ಣಿಗೆ ಹೋದವು. ಐದನೆಯದು ಅವಳ ಮಗಳದೇ. ಕೂಸಿನ ಹಿಂದೆ ಮಗಳೂ ಹೋದಳು. ಸಂಕವ್ವ ಮಗಳ ಅಡುಗೆಮನೆಗೆ ಹೋಗಿ ನೋಡಿದಳಂತೆ. ಎಲ್ಲರೂ ಉಂಡ ಮೇಲೆ ಉಣ್ಣುವ ಹೆಣ್ಣಿಗೆ ಗಡಿಗೆಯ ತಳದಲ್ಲಿ ನೀರು ಬಿಟ್ಟರೆ ಏನೂ ಉಳಿದಿರಲಿಲ್ಲ.

ಮರುದಿನ ಅವಳು ಹಾಳು ಚಾವಡಿಯಲ್ಲಿ ಮೂರು ಕಲ್ಲು ಹೂಡಿ, ದೊಡ್ಡ ಮಡಕೆ ಇಟ್ಟಳು. ಮನೆಮನೆಗೂ ಹೋಗಿ ಹಿಡಿ ನವಣೆ, ಹಿಡಿ ಹುರುಳಿ, ಬೆಲ್ಲದ ಚೂರು ಬೇಡಿ ತಂದಳು. ನುಗ್ಗೆಸೊಪ್ಪು ಹಾಕಿ ಗಂಜಿ ಕಾಸಿದಳು. ಊರಿನ ಬಸುರಿ ಬಾಣಂತಿಯರನ್ನೂ ಸಣ್ಣ ಮಕ್ಕಳನ್ನೂ ಕರೆದು ಕೂರಿಸಿದಳು. ಒಬ್ಬಾಕೆ ಅರ್ಧ ಉಂಡು, ಉಳಿದದ್ದನ್ನು ಸೆರಗಿನ ಮರೆಯಲ್ಲಿ ಇಟ್ಟುಕೊಂಡಳಂತೆ, ಗಂಡನಿಗೆ ಅಂತ.

ಸಂಕವ್ವ ಅವಳ ಕೈ ಹಿಡಿದಳು. "ಇಲ್ಲೇ ಕುಂತು ಉಣ್ಣು. ಆತಗ ಇರೋದು ಒಂದು ಹೊಟ್ಟಿ, ನೀ ತುಂಬಬೇಕಾದ್ದು ಎರಡು."

ಆ ಮಡಕೆ ಎಂದೂ ಬರಿದಾಗುತ್ತಿರಲಿಲ್ಲ ಅಂತಾರೆ. ಸುಳ್ಳು. ಬರಿದಾಗುತ್ತಿತ್ತು. ಬರಿದಾದ ದಿನ ಅವಳು ಪಕ್ಕದ ಊರಿಗೆ ಹೋಗಿ ಸೆರಗೊಡ್ಡುತ್ತಿದ್ದಳು. ಆದರೆ ಮೂರು ವರ್ಷ ಕರಿಗುಡ್ಡದಲ್ಲಿ ಕೂಸು ಹೂಳುವ ಸಣ್ಣ ಗುಂಡಿ ತೋಡಲಿಲ್ಲ, ಅದು ನಿಜ ಅಂತಾರೆ.

ನಾಲ್ಕನೇ ವರ್ಷ ಗೌಡರ ಸೊಸೆ ನಿಂಬೆವ್ವ ಬಸುರಾದಳು. ಹೆಚ್ಚು ಉಂಡರೆ ಕೂಸು ದಪ್ಪಾಗಿ ಹೆರಿಗೆ ಕಷ್ಟವಾಗುತ್ತದೆ ಅಂತ ಅತ್ತೆ ಅವಳಿಗೆ ಒಪ್ಪೊತ್ತಿನ ಊಟವಷ್ಟೇ ಕೊಡುತ್ತಿದ್ದಳು. ನಿಂಬೆವ್ವ ನೀರಿಗೆ ಬಂದವಳು ಕೊಡ ಇಳಿಸಿ, ಕಲ್ಲು ಹೊರುವವರ ಸಾಲಿನಲ್ಲಿ ಕೂತು ಮೂರು ದಿನ ಗಂಜಿ ಕುಡಿದಳು. ನಾಲ್ಕನೇ ದಿನ ಅತ್ತೆಯ ಕಣ್ಣಿಗೆ ಬಿದ್ದಳು.

ಗೌಡರ ಮರ್ಯಾದೆ ಹೋಯಿತು ಅಂತ ಆಳುಗಳು ಬಂದು ಮಡಕೆ ಒಡೆದರು. ಇನ್ನು ಯಾರೂ ಸಂಕವ್ವನಿಗೆ ಹಿಡಿ ಕಾಳು ಕೊಡಕೂಡದು ಅಂತ ಅಪ್ಪಣೆಯಾಯಿತು. ಊರ ಗಂಡಸರೆಲ್ಲ ನಿಂತಿದ್ದರು. ಅದೇ ಗಂಜಿಯಿಂದ ಬದುಕಿದ ಮಕ್ಕಳು ಅವರ ಹೆಗಲ ಮೇಲೆಯೇ ಇದ್ದವಂತೆ.

"ಒಬ್ಬರಾದ್ರೂ ಮಾತಾಡ್ರೋ," ಅಂದಳು ಸಂಕವ್ವ.

ಮಕ್ಕಳನ್ನು ಹೊತ್ತುಕೊಂಡೇ ಒಬ್ಬೊಬ್ಬರಾಗಿ ಮನೆ ಕಡೆ ನಡೆದರು.

ಆಮೇಲೆ ಅವಳು ತನ್ನ ಮನೆಯಲ್ಲೇ ಸಣ್ಣ ಗಡಿಗೆಯಲ್ಲಿ ಕಾಸಿಟ್ಟು ಕಾದಳು. ಯಾರೂ ಬರಲಿಲ್ಲ. ಗಂಜಿ ಆರಿ ಕೆನೆಗಟ್ಟುತ್ತಿತ್ತು ಅಂತಾರೆ.

ನಿಂಬೆವ್ವನಿಗೆ ನೋವು ಬಂದು ಮೂರನೇ ದಿನದ ಮಧ್ಯಾಹ್ನ ಗೌಡರ ಮನೆಯಿಂದ ಕರೆ ಬಂತು. ಸಂಕವ್ವ ಓಡಿದಳು. ಕೆಳರೆಪ್ಪೆ ಎಳೆದು ನೋಡಿದರೆ ಸುಣ್ಣದ ಹಾಗೆ ಬೆಳ್ಳಗೆ.

"ಅವ್ವಾ, ಗಂಜಿ ಐತೇನು?" ಅಂತ ಕೇಳಿದಳಂತೆ ನಿಂಬೆವ್ವ.

ಸಂಕವ್ವ ಅತ್ತೆಯ ಕಡೆ ತಿರುಗಿ ಒಂದು ಬಟ್ಟಲು ಗಂಜಿ ಬೇಡಿದಳು. ಹೆರಿಗೆಗೆ ಮುಂಚೆ ಏನೂ ಕೊಡಕೂಡದು ಅಂತ ಅತ್ತೆ ಬಾಗಿಲಿಗೆ ಅಡ್ಡ ನಿಂತಳು. ಹೊತ್ತು ಇಳಿಯುವಷ್ಟರಲ್ಲಿ ತಾಯಿಯೂ ಇಲ್ಲ, ಕೂಸೂ ಇಲ್ಲ.

ಸೂಲಗಿತ್ತಿಯ ಕೈಗುಣ ಕೆಟ್ಟಿದೆ ಅಂದರು ಗೌಡರು. ಊರೂ ಹಾಗೇ ಅಂದಿತು. ಸಂಕವ್ವ ಕೈ ತೊಳೆದು, ಉಟ್ಟ ಸೀರೆಯಲ್ಲೇ ಗುಡ್ಡ ದಾಟಿ ಹೋದಳು. ಗಾಳಿಯಲ್ಲಿ ಮಾಯವಾದಳು ಅಂತಾರೆ ಕೆಲವರು. ಬಿಕ್ಕಿ ಬಿಕ್ಕಿ ಅಳುತ್ತಾ ನಡೆದುಹೋದಳು ಅಂತ ನನ್ನ ಅಜ್ಜಿ ಹೇಳುತ್ತಿದ್ದಳು.

ಮತ್ತೆ ಕೂಸುಗಳು ಸಾಯತೊಡಗಿದವು. ಅದು ಸಂಕವ್ವನ ಶಾಪ ಅಂತ ಊರು ನಂಬಿತು. ಗೌಡರೇ ಚಾವಡಿಯಲ್ಲಿ ಅವಳ ಹೆಸರಿನ ಕಲ್ಲು ನಿಲ್ಲಿಸಿ, ಬೆಳ್ಳಿಯ ಕಣ್ಣು ಹಚ್ಚಿಸಿ ಪೂಜೆಗೆ ಇಟ್ಟರು.

ಈಗಲೂ ನಮ್ಮ ಕಡೆ ಸಂಕವ್ವನ ಹರಕೆ ಅಂತ ಇದೆ. ಹೆರಿಗೆ ಹಗುರಾಗಲಿ ಅಂತ ಬಸುರಿಯರು ಅವಳ ಹೆಸರಿನಲ್ಲಿ ಐದು ಅಮಾವಾಸ್ಯೆ ಉಪವಾಸ ಇರುತ್ತಾರೆ. ಹನಿ ನೀರೂ ಇಲ್ಲ.

ನಾನೂ ಮೂರು ಬಸುರಿನಲ್ಲಿ ಆ ಉಪವಾಸ ಇದ್ದೆ. ಒಂದು ಕೂಸು ಉಳಿಯಿತು.