ಅಧ್ಯಕ್ಷರ ಹೆಸರಿನ ಕೆಳಗಿದ್ದ ನಂಬರು

ನಮ್ಮ ಹಾಲಿನ ಸಂಘದ ಸರ್ವರ್ ಬೆಳ್ಳಂಬೆಳಿಗ್ಗೆ ಕೆಟ್ಟು ಕೂತಿತು. ಅದಿಲ್ಲದೆ ಹಾಲಿನ ತೂಕವೇ ಆಗುವುದಿಲ್ಲ. ಕ್ಯಾನು ಹಿಡಿದವರ ಸಾಲು ರಸ್ತೆಗೆ ಬಂತು. ಬಿಸಿಲೇರಿದರೆ ಹಾಲೆಲ್ಲ ಕೆಡುತ್ತದೆ. ಕಂಪನಿಗೆ ಫೋನ್ ಮಾಡಿದೆ. "ಸರ್ವರ್ ಮೇಲಿರುವ ಸೀರಿಯಲ್ ನಂಬರ್ ಹೇಳಿ, ಆಮೇಲೆ ಎಂಜಿನಿಯರನ್ನು ಕಳಿಸ್ತೀವಿ" ಅಂದಳು ಅಲ್ಲಿನ ಹುಡುಗಿ.

ಸರಿಯಾಗಿ ಆ ನಂಬರಿನ ಮೇಲೇ ನಮ್ಮ ಅಧ್ಯಕ್ಷ ಚಿಕ್ಕಬಸಪ್ಪನವರು ತಮ್ಮ ಹೆಸರಿನ ಸ್ಟಿಕರ್ ಅಂಟಿಸಿದ್ದರು! ಮೆಷಿನ್ ಸಂಘದ್ದು, ಮೆರೆಯುವುದು ಇವರು. ಕೀಳಲು ಕೈ ಹಾಕಿದೆ. ಅಷ್ಟರಲ್ಲಿ ಅಧ್ಯಕ್ಷರೇ ಒಳಗೆ ಬಂದು ಗುಡುಗಿದರು:

"ಏಯ್ ಗುಮಾಸ್ತ! ನನ್ನ ಹೆಸರು ಮುಟ್ಟಿದರೆ ನಾಳೆಯಿಂದ ಮನೇಲಿರ್ತೀಯ!"

ನನಗೆ ಮೈಯೆಲ್ಲ ಉರಿಯಿತು. ಆದರೂ ಕೈಮುಗಿದೆ. ಫೋನಿನ ಸ್ಪೀಕರ್ ಹಾಕಿ ಅವರ ಕೈಗೇ ಕೊಟ್ಟೆ.

"ಮೆಷಿನ್ ಮೇಲೆ ಏನಿದೆಯೋ ನೀವೇ ಓದಿಬಿಡಿ, ಸ್ವಾಮಿ. ನಿಮ್ಮ ಹೆಸರು ಕೇಳಿಯೂ ಬರದೆ ಇರ್ತಾರಾ?"

ಅಧ್ಯಕ್ಷರು ಎದೆಯುಬ್ಬಿಸಿ ಓದಿದರು: "ಜನನಾಯಕ, ಕ್ಷೀರ ಚಕ್ರವರ್ತಿ, ಚಿಕ್ಕಬಸಪ್ಪನವರು!"

ಹುಡುಗಿ ಸ್ವಲ್ಪ ಹೊತ್ತು ಹುಡುಕಿದಳು. "ಸಾರಿ ಸರ್, ಇದು ನಮ್ಮ ಕಂಪನಿಯದಲ್ಲ. ಡೂಪ್ಲಿಕೇಟ್ ಇರಬೇಕು."

ಸಾಲಿನಲ್ಲಿದ್ದವರೆಲ್ಲ ಕ್ಯಾನು ಬಡಿದು ನಕ್ಕರು. ಅಧ್ಯಕ್ಷರ ಮುಖ ಕೆಂಪೇರಿತು. ಬಗ್ಗಿ ಕೂತು, ತಮ್ಮ ಹೆಸರನ್ನು ತಾವೇ ಉಗುರಿನಿಂದ ಕೆರೆದು ಕೆರೆದು ತೆಗೆದರು.

ನಾನಂತೂ ಮುಟ್ಟಲಿಲ್ಲಪ್ಪ!