ಬೆಲ್ಲದ ವ್ಯಾಪಾರಿ ಆರಿಸಿದ ಪ್ಲಗ್ಗು

“ಅಜ್ಜಾರ, ಈ ಮೂರರೊಳಗ ಯಾವುದನ್ನ ಹಾಕಲಿ?”

ಶಿಷ್ಯ ಅಡವೆಯ್ಯ ಮಠದ ಗುರುಗಳನ್ನು ಹೀಗೆ ಕೇಳಿದ್ದು ಬುಧವಾರ, ಬೆಳಗಿನ ಪೂಜೆ ಮುಗಿದ ಕೂಡಲೇ. ಭಾನುವಾರ ಸಂಜೆ ಮಠದ ಕಾರು ಗುಡ್ಡದ ಏರಿನಲ್ಲಿ ಎರಡು ಸಲ ಕೆಮ್ಮಿತ್ತು. ಸುದ್ದಿ ಅಡುಗೆಮನೆಗೆ ತಲುಪಿ, ಅಲ್ಲಿಂದ ಕೊಟ್ಟಿಗೆಗೆ ಹೋಗಿ, ಸೋಮವಾರ ಊರಿಗೂ ಮುಟ್ಟಿತು. ಭಕ್ತರು ಮುಖ ಸಣ್ಣ ಮಾಡಿಕೊಂಡು ವಿಚಾರಿಸಲು ಬಂದರು. ಅವರು ವಿಚಾರಿಸಿದ್ದು ಕಾರಿನ ಆರೋಗ್ಯವನ್ನು. ಎಡಗಣ್ಣಿಗೆ ಪೊರೆ ಬಂದು ಗುರುವಾರ ಶಸ್ತ್ರಚಿಕಿತ್ಸೆಗೆ ಹೋಗಬೇಕಾಗಿದ್ದ ಗುರುಗಳು ಅಲ್ಲೇ ಪಕ್ಕದಲ್ಲಿ ಕೂತಿದ್ದರು.

ಕಾರು ಓಡಿಸುವವನು ಅಡವೆಯ್ಯನೇ. ಪೆಟ್ರೋಲಿಗೆ ಕಿಡಿ ಹಚ್ಚುವ ಪ್ಲಗ್ಗುಗಳೂ, ಅವುಗಳಿಗೆ ಕರೆಂಟು ಒಯ್ಯುವ ವೈರುಗಳೂ ಹಳತಾಗಿವೆ, ಬದಲಿಸಿ ಎಂದು ಗ್ಯಾರೇಜಿನವರು ಹೇಳಿದ್ದರು. ಅಂದಿನಿಂದ ಅವನಿಗೆ ಊಟ ರುಚಿಸಿರಲಿಲ್ಲ. ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಅದೇ ಏರು ಇತ್ತು. ಏರಿನ ನಡುವೆ ಕಾರು ನಿಂತುಬಿಟ್ಟರೆ? ವಾರಕ್ಕೊಮ್ಮೆ ಬರುವ ಕಣ್ಣಿನ ಡಾಕ್ಟರು ಹೊತ್ತು ಮೀರಿತೆಂದು ಎದ್ದು ಹೋದರೆ? ಅಜ್ಜಾರ ಕಣ್ಣು ಹೋಗಿ, ಅದು ಅಡವೆಯ್ಯ ಆರಿಸಿದ ಪ್ಲಗ್ಗಿನಿಂದ ಹೋಯಿತು ಎಂದು ಊರು ಆಡಿಕೊಂಡರೆ? ಯೋಚನೆ ಇಲ್ಲಿಗೆ ಬಂದಾಗಲೆಲ್ಲ ಅವನು ಬಿಡಿಭಾಗಗಳ ಅಂಗಡಿಗೆ ಇನ್ನೊಂದು ಸಲ ಫೋನು ಮಾಡುತ್ತಿದ್ದ.

ಈಗ ಮೂರು ಬಗೆಯ ಪ್ಲಗ್ಗುಗಳು ಅವನ ಮುಂದೆ ಚಾಪೆಯ ಮೇಲಿದ್ದವು. ಅಂಗಳದ ಹಗ್ಗದ ಮೇಲೆ, ಗುರುಗಳ ಕಾವಿ ಪಂಚೆಯ ಪಕ್ಕದಲ್ಲಿ, ಕಾರಿನ ನಾಲ್ಕು ಹಳೆಯ ವೈರುಗಳು ಒಣಗುತ್ತಿದ್ದವು. ಹೊಸದನ್ನು ಅಳತೆ ನೋಡಿ ತರಲು ಬಿಚ್ಚಿದ್ದ. ಜಿಡ್ಡು ಹಿಡಿದದ್ದನ್ನು ಅಂಗಡಿಗೆ ಒಯ್ಯುವುದು ಮಠಕ್ಕೆ ಶೋಭೆಯಲ್ಲ ಎಂದು ಸೀಗೆಪುಡಿ ಹಾಕಿ ತೊಳೆದಿದ್ದ. ಸೀಗೆಪುಡಿ ಎಲ್ಲಿ ಎಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೂಗಿ ಕೇಳಿದ್ದರಿಂದ, ಅದು ಯಾಕೆ ಎಂಬುದೂ ಇಡೀ ಮಠಕ್ಕೆ ಗೊತ್ತಾಗಿತ್ತು.

ಗುರುಗಳು ಚಾಪೆಯ ಕಡೆ ನೋಡಲಿಲ್ಲ. ನೋಡಿದರೂ ಅವರಿಗೆ ಮೂರೂ ಒಂದೇ ಥರ ಕಾಣುತ್ತಿದ್ದವು.

“ಕೂಡು,” ಎಂದರು. “ಒಬ್ಬ ಬೆಲ್ಲದ ವ್ಯಾಪಾರಿ ಇದ್ದ.”

ಈ ವ್ಯಾಪಾರಿಗೆ ಒಂದು ಹಳೆಯ ಪೆಟ್ರೋಲ್ ಕಾರು, ಒಬ್ಬಳೇ ಮಗಳು. ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಆಸ್ಪತ್ರೆ ಇದ್ದದ್ದು ಗುಡ್ಡದ ಆಚೆ. ಅವಳಿಗೆ ದಿನ ತುಂಬುವ ಹೊತ್ತಿಗೆ ಸರಿಯಾಗಿ ಕಾರು ಏರಿನಲ್ಲಿ ಜಗ್ಗತೊಡಗಿತು. ಮೆಕ್ಯಾನಿಕ್ ಬಾನೆಟ್ ಎತ್ತಿ ನೋಡಿ, ಪ್ಲಗ್ಗು ಸವೆದಿವೆ, ವೈರು ಬಿರಿದಿವೆ ಎಂದ.

“ಯಾವುದು ಹಾಕಬೇಕು?” ಎಂದು ವ್ಯಾಪಾರಿ ಕೇಳಿದ.

“ಈ ಎಂಜಿನ್ನಿಗೆ ಕೂಡೂವು ಯಾವುದಾದರೂ ಆದೀತ್ರಿ, ಸಾವಕಾರ್ರ. ಸಣ್ಣ ಕೆಲಸ. ಈಗಲೇ ಹಾಕಿಬಿಡ್ಲೇನು?”

ವ್ಯಾಪಾರಿ ಬಾನೆಟ್ ಮುಚ್ಚಿಬಿಟ್ಟ. ಯಾವುದಾದರೂ ಆದೀತು ಎನ್ನುವವನ ಕೈಗೆ ಮಗಳ ಜೀವ ಕೊಡುವುದೆ? ಬೆಲ್ಲದ ವಿಷಯದಲ್ಲೇ ಆತ ಅಂಥ ಮಾತು ಆಡಿದವನಲ್ಲ. ಗಾಡಿ ತುಂಬ ಬೆಲ್ಲದ ಪೆಂಟೆ ಬಂದರೂ ಒಂದೊಂದು ಅಚ್ಚಿನ ಮೂಲೆ ಮುರಿದು, ಬೆಳಕಿಗೆ ಹಿಡಿದು, ನಾಲಿಗೆಗೆ ಹಚ್ಚಿ ನೋಡುವವನು. ಎಲ್ಲವನ್ನೂ ಸಾಲಾಗಿ ಇಡಿಸುವವನು. ಮೊದಲು ತೋರಿಸಿದ್ದನ್ನು ಕೊಳ್ಳದಿರುವುದೇ ಅವನ ವ್ಯಾಪಾರ. ಆ ಗುಣದಿಂದ ಅವನಿಗೆ ಎರಡಂತಸ್ತಿನ ಮನೆ ಆಗಿತ್ತು. ಹೀಗಾಗಿ ಅದರ ಮೇಲೆ ಸಂಶಯಪಡಲು ಅವನಿಗೆ ಕಾರಣವಿರಲಿಲ್ಲ.

ಮೆಕ್ಯಾನಿಕ್‌ನನ್ನು ಕಳಿಸಿ ತಾನೇ ಪೇಟೆಗೆ ಹೋದ. ಒಂದು ಅಂಗಡಿಯವನು ಸೂಜಿಮೊನೆಯಂಥ ತುದಿಯ ಪ್ಲಗ್ಗು ತೋರಿಸಿ, “ಎಂಜಿನ್ ಸತ್ತರೂ ಇದು ಸಾಯೂದಿಲ್ರಿ” ಎಂದ. ಮನೆಯಲ್ಲಿ ತುಂಬಿದ ಬಸುರಿ ಇರುವಾಗ ಕೇಳಬಾರದ ಮಾತು ಅದು. ವ್ಯಾಪಾರಿ ಎದ್ದು ಬಂದ. ಅರ್ಧ ಓಣಿ ದಾಟಿದ ಮೇಲೆ, ಮಾತು ಕೆಟ್ಟದ್ದಾದರೂ ಪ್ಲಗ್ಗು ಒಳ್ಳೆಯದಿರಬಹುದು ಎನ್ನಿಸಿ ತಿರುಗಿ ಹೋಗಿ ಕೊಂಡ. ಇನ್ನೊಂದು ಅಂಗಡಿಯವನು, ಏರು ಹತ್ತುವ ಗಾಡಿಗೆ ಬೇಗ ಕಾಯದ ಪ್ಲಗ್ಗು ಬೇಕು ಎಂದ.

“ಇಳಿಯುವಾಗ?” ಎಂದು ವ್ಯಾಪಾರಿ ಕೇಳಿದ.

“ಇಳಿಯಾಗ ಬ್ರೇಕು ಬೇಕ್ರಿ.”

ಅವನ ಬಳಿಯೂ ಒಂದು ಸೆಟ್ ಕೊಂಡ. ದಾರಿಯಲ್ಲಿ ಸಿಕ್ಕ ಷಡ್ಡಕ, ಪ್ಲಗ್ಗು ಯಾವುದಿದ್ದರೇನು, ಗಾಡಿಯ ಪ್ರಾಣ ಇರುವುದು ವೈರಿನಲ್ಲಿ ಎಂದ. ಷಡ್ಡಕನಿಗೆ ಕಾರು ಇರಲಿಲ್ಲ. ಆದರೂ ಆ ಮಾತು ಮನಸ್ಸಿನಲ್ಲಿ ಕೂತುಬಿಟ್ಟಿತು. ದಪ್ಪ ಕೆಂಪು ವೈರು ಬಂತು, ಅದಕ್ಕೆ ಹೋಲಿಸಿ ನೋಡಲು ತೆಳ್ಳನೆಯ ಕಪ್ಪು ವೈರು ಬಂತು.

“ಇದ್ದದ್ದು ಒಂದು ಗಾಡಿ,” ಎಂದಳು ಹೆಂಡತಿ. “ಮಗಳಿಗೆ ಗಂಡು ಹುಡುಕಾಕ ಇಷ್ಟು ಅಂಗಡಿ ಹತ್ತಿರಲಿಲ್ಲ ನೀವು.”

ದಿನಗಳು ಹೀಗೆ ಹೋದವು. ಮಗಳು ಗೋಡೆ ಹಿಡಿದು ಎದ್ದರೆ ವ್ಯಾಪಾರಿಯ ಜೀವ ಹಾರುತ್ತಿತ್ತು. ನೀರು ಕುಡಿದು ಉಸ್ಸೆಂದರೆ ಬಾಗಿಲಿಗೆ ಓಡುತ್ತಿದ್ದ. ಬಾಗಿಲಲ್ಲಿ ಕಾರು ನಿಂತಿರುತ್ತಿತ್ತು, ಹಳೆಯ ಪ್ಲಗ್ಗು ಹಾಕಿಕೊಂಡು.

ಒಂದು ಮಧ್ಯಾಹ್ನ, ಇನ್ನು ತಡ ಮಾಡಬಾರದು ಎಂದು ನಿರ್ಧರಿಸಿದ. ಅಂಗಳದಲ್ಲಿ ಗೋಣಿತಟ್ಟು ಹಾಸಿದ. ಎಂಜಿನ್ನಿನಿಂದ ಹಳೆಯ ಪ್ಲಗ್ಗು, ಹಳೆಯ ವೈರು ಎಲ್ಲವನ್ನೂ ಬಿಚ್ಚಿ ತಂದ. ಒಂದೊಂದನ್ನೂ ಬಟ್ಟೆಯಿಂದ ಒರೆಸಿ ಹೊಳೆಯುವಂತೆ ಮಾಡಿ, ಬೆಲ್ಲದ ಪೆಂಟೆಗಳನ್ನು ಇಡುವ ಹಾಗೆ ಹೊಸದರ ಪಕ್ಕದಲ್ಲಿ ಸಾಲಾಗಿ ಇಟ್ಟ. ಸಾಲು ನೋಡಲು ಚೆಂದವಾಗಿತ್ತು. ಕೂತು ನೋಡಿದ, ನಿಂತು ನೋಡಿದ, ಬೆಳಕಿಗೆ ಹಿಡಿದು ನೋಡಿದ. ನಾಲಿಗೆಗೆ ಹಚ್ಚುವುದೊಂದನ್ನು ಬಿಟ್ಟ. ಕೊನೆಗೆ ಒಂದು ಅಂಗಡಿಯ ಪ್ಲಗ್ಗನ್ನೂ ಷಡ್ಡಕ ಹೇಳಿದ ಕೆಂಪು ವೈರನ್ನೂ ಆರಿಸಿದ. ಆಯ್ಕೆ ಚೆನ್ನಾಗಿತ್ತು. ಅದರಲ್ಲಿ ಯಾರೂ ತಪ್ಪು ಹುಡುಕುವಂತಿರಲಿಲ್ಲ.

ಪ್ಲಗ್ಗುಗಳನ್ನು ತಿರುಗಿಸಿ ಕೂಡಿಸಿದ. ಮೊದಲ ವೈರನ್ನು ಕೈಗೆ ತೆಗೆದುಕೊಂಡಾಗ ಅವನ ಕೈ ನಿಂತಿತು.

ಎಂಜಿನ್ನಿನಲ್ಲಿ ಕಿಡಿ ನಾಲ್ಕೂ ಕಡೆ ಒಮ್ಮೆಲೇ ಹಾರುವುದಿಲ್ಲ. ಒಂದಾದ ಮೇಲೆ ಒಂದಕ್ಕೆ ಸರದಿ ಇರುತ್ತದೆ. ಕರೆಂಟು ಹಂಚುವ ಮುಚ್ಚಳದ ಯಾವ ತೂತಿನಿಂದ ಹೊರಟ ವೈರು ಯಾವ ಪ್ಲಗ್ಗಿಗೆ ಹೋಗಿದೆ ಎಂಬುದರಲ್ಲಿ ಆ ಸರದಿ ಇರುತ್ತದೆ. ಒಂದನ್ನು ಬಿಚ್ಚಿ ಅದರ ಜಾಗಕ್ಕೆ ಒಂದನ್ನು ಹಾಕುತ್ತ ಹೋಗಿದ್ದರೆ ಸರದಿ ತಾನಾಗಿ ಉಳಿಯುತ್ತಿತ್ತು. ಆತ ಎಲ್ಲವನ್ನೂ ಬಿಚ್ಚಿದ್ದ. ಗುರುತಿಗೆಂದು ಇದ್ದ ಧೂಳನ್ನೂ ಒರೆಸಿದ್ದ. ವೈರುಗಳೋ, ಯಾವ ಪ್ಲಗ್ಗಿನ ಮೇಲೆ ಇಟ್ಟರೂ ಟಕ್ಕೆಂದು ಕೂಡುತ್ತಿದ್ದವು. ಇದು ನನ್ನ ಜಾಗವಲ್ಲ ಎನ್ನುವ ವೈರು ಒಂದೂ ಇರಲಿಲ್ಲ.

ಅಂದಾಜಿನ ಮೇಲೆ ಕೂಡಿಸಿ ಕೀಲಿ ತಿರುಗಿಸಿದ. ಎಂಜಿನ್ ಪಟಾಕಿಯಂತೆ ಹೊಡೆದು ಸುಮ್ಮನಾಯಿತು. ವೈರು ಅದಲುಬದಲು ಮಾಡಿದ. ಮತ್ತೊಮ್ಮೆ ಹೊಡೆಯಿತು. ಆ ಸದ್ದಿಗೋ, ಹೊತ್ತು ಬಂದಿದ್ದಕ್ಕೋ, ಒಳಗೆ ಮಗಳು ಚೀರಿದಳು.

ಮೆಕ್ಯಾನಿಕ್‌ಗೆ ಫೋನು ಮಾಡಿದರೆ ಅವನು ಪರವೂರಿನಲ್ಲಿದ್ದ. ಮತ್ತೆ ಬಿಚ್ಚಿದ, ಮತ್ತೆ ಕೂಡಿಸಿದ. ಹೆಂಡತಿ ಮಗಳನ್ನು ಹಿಡಿದುಕೊಂಡು ಹೊರಗೆ ಬಂದಳು. ಮಗಳು ಕಾರಿಗೆ ಒರಗಿ ನಿಂತಳು. ಬಾನೆಟ್ಟಿನ ಕೆಳಗಿನಿಂದ ಅಪ್ಪನ ತಲೆ ಹೊರಬಂತು.

“ಒಂದೇ ಒಂದು ಸಲ ನೋಡ್ತೀನಿ, ತಡಿ ನನ್ನವ್ವಾ. ಭಾಳ ಚಲೋ ಪ್ಲಗ್ಗು ತಂದೀನಿ.”

“ಯಪ್ಪಾ, ಯಾವುದಾದರೂ ಆದೀತು,” ಎಂದಳು ಮಗಳು, ಹಲ್ಲು ಕಚ್ಚಿ. “ಒಂದು ಗಾಡಿ ಕರಿ.”

ಓಣಿಯಲ್ಲಿ ಆಗ ಬಂದದ್ದು ಮೊಟ್ಟೆಯ ಟೆಂಪೊ. ಚಾಲಕ ಏನೂ ಕೇಳದೆ ಟ್ರೇಗಳನ್ನು ಒತ್ತಿ ಒಟ್ಟಿ ಜಾಗ ಮಾಡಿದ. ತಾಯಿ ಮಗಳು ಹಿಂದೆ ಹತ್ತಿದರು, ವ್ಯಾಪಾರಿ ಮುಂದೆ. ಗುಡ್ಡದ ಏರು ಬಂತು. ಟೆಂಪೊ ಏದುಸಿರು ಬಿಡುತ್ತ ಹತ್ತತೊಡಗಿತು. ಹಿಂದಿನಿಂದ ಮಗಳ ನರಳಾಟ ಕೇಳುತ್ತಿತ್ತು. ವ್ಯಾಪಾರಿ ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟು ಕೂತ. ತಡೆದುಕೊಳ್ಳಲಾಗದೆ ಕೇಳಿಯೇ ಬಿಟ್ಟ.

“ಇದಕ್ಕ ಯಾವ ಪ್ಲಗ್ಗು ಹಾಕೀಯಪ್ಪಾ?”

“ಡೀಸೆಲ್ ಗಾಡಿರಿ ಇದು,” ಎಂದ ಚಾಲಕ, ಗೇರು ಬದಲಿಸುತ್ತ. “ಇದಕ್ಕ ಕಿಡಿ ಹಾರಿಸೂ ಪ್ಲಗ್ಗೇ ಇರೂದಿಲ್ಲ.”

ಟೆಂಪೊ ಆಸ್ಪತ್ರೆಯ ಗೇಟಿನಲ್ಲಿ ತಿರುಗುತ್ತಿರುವಾಗ ಮಗು ಹುಟ್ಟಿತು. ನರ್ಸುಗಳು ಅಲ್ಲಿಗೇ ಓಡಿ ಬಂದರು. ತಾಯಿ ಮಗು ಇಬ್ಬರೂ ಉಳಿದರು. ನೀವು ಇನ್ನೊಂದು ಸ್ವಲ್ಪ ತಡ ಮಾಡಿದ್ದರೆ, ಎಂದು ಡಾಕ್ಟರು ಶುರು ಮಾಡಿದರು. ವ್ಯಾಪಾರಿಯ ಮುಖ ನೋಡಿ ಆ ಮಾತನ್ನು ಅಲ್ಲಿಗೇ ಬಿಟ್ಟರು.

ಗುರುಗಳು ಕತೆ ನಿಲ್ಲಿಸಿದರು.

ಅಡವೆಯ್ಯ ಚಾಪೆಯ ತುದಿಗೆ ಬಂದು ಕೂತಿದ್ದ. ಮಗು ಉಳಿಯಿತೆಂದು ಕೇಳಿ ಒಂದು ದೀರ್ಘ ಉಸಿರು ಬಿಟ್ಟ. ಆಮೇಲೆ ಅವನ ದೃಷ್ಟಿ ತಾನಾಗಿ ಪ್ಲಗ್ಗುಗಳ ಕಡೆ ಹೋಯಿತು.

“ಅಜ್ಜಾರ, ಆ ಸಾವಕಾರ ಕಡೀಕ ಆರಿಸಿದ್ದು ಯಾವ ಪ್ಲಗ್ಗು? ಸೂಜಿಮೊನೀದೋ, ಬೇಗ ಕಾಯದ್ದೋ?”

ಗುರುಗಳು ಅಂಗಳದ ಕಡೆ ಮುಖ ತಿರುಗಿಸಿದರು.

“ಹಗ್ಗದ ಮ್ಯಾಲೆ ಒಣಾಕ ಹಾಕೀಯಲ್ಲ, ಅದರೊಳಗ ಯಾವ ವೈರು ಯಾವ ಪ್ಲಗ್ಗಿಂದು, ಅಡವೆಯ್ಯಾ?”

ಅಡವೆಯ್ಯ ಹಗ್ಗದ ಕಡೆ ನೋಡಿದ. ನಾಲ್ಕೂ ವೈರುಗಳು ಸ್ವಚ್ಛವಾಗಿ, ಒಂದೇ ಥರ ನೇತಾಡುತ್ತಿದ್ದವು. ಎದ್ದು ಹೋಗಿ, ನಾಳೆ ಬೆಳಗಿನ ಬಸ್ಸು ಎಷ್ಟು ಹೊತ್ತಿಗೆ ಎಂದು ವಿಚಾರಿಸಿದ.

ಗುರುವಾರ ಗುರುಗಳು ಏಳೂವರೆಯ ಬಸ್ಸಿನಲ್ಲಿ ಆಸ್ಪತ್ರೆಗೆ ಹೋದರು. ಅಡವೆಯ್ಯ ಜೊತೆಗೆ ಹೋದ, ಅವನಿಗೆ ಸೀಟು ಸಿಗಲಿಲ್ಲ. ಕಣ್ಣಿನ ಶಸ್ತ್ರಚಿಕಿತ್ಸೆ ಹನ್ನೊಂದು ಗಂಟೆಗೆ ಮುಗಿಯಿತು.