ಕೋಲು ಹೊಡೆದ ಹಂದಿ

"ಗುರುಗಳೇ, ತಕ್ಕಡಿಯಿಲ್ಲದೆ ಮದ್ದು ಅಳೆಯುವಷ್ಟು ಕೈ ಪಳಗುವುದು ಯಾವಾಗ?"

ಕೇಳಿದವನು ಮರುಳಯ್ಯ. ವೈದ್ಯವಿದ್ಯೆ ಕಲಿಯಲು ಗುರುಗಳ ಮನೆ ಸೇರಿ ಕೆಲವು ವರ್ಷಗಳಾಗಿದ್ದವು. ಅವತ್ತು ಪಕ್ಕದ ಊರಿನಿಂದ ಓಡೋಡಿ ಬಂದ ಒಬ್ಬ ಮನುಷ್ಯ ಜಗುಲಿಯ ಮೇಲೆ ಕುಳಿತು ಸುಧಾರಿಸಿಕೊಳ್ಳುತ್ತಿದ್ದ. ಅವನ ಹೆಂಡತಿ ಬಾಣಂತಿ, ಜ್ವರ ಬಿಟ್ಟಿರಲಿಲ್ಲ. ಅವಳಿಗೆ ಕೊಡಬೇಕಾದ ಮದ್ದಿನಲ್ಲಿ ಶುದ್ಧಿ ಮಾಡಿದ ಪಾಷಾಣವಿತ್ತು. ಹದವಾಗಿ ಬಿದ್ದರೆ ಅದು ಜೀವ ಉಳಿಸುತ್ತದೆ, ತುಸು ಹೆಚ್ಚಾದರೆ ತೆಗೆಯುತ್ತದೆ. ಮರುಳಯ್ಯ ಮದ್ದಿನ ಚೀಲ ಕಟ್ಟಿಕೊಂಡಿದ್ದ. ಚಿಕ್ಕ ತಕ್ಕಡಿಯನ್ನು ಮಾತ್ರ ಗೋಡೆಯ ಗೂಡಿನಲ್ಲೇ ಬಿಟ್ಟಿದ್ದ.

ಗುರುಗಳು ಗೂಡಿನ ಕಡೆ ನೋಡಿದರು. "ಯಾಕಪ್ಪ, ಅದೇನು ಭಾರವೇ?"

"ಭಾರವಲ್ಲ, ನಾಚಿಕೆ. ಹೋದ ಸಲ ಆ ಊರಿನಲ್ಲಿ ತಕ್ಕಡಿ ತೆಗೆದದ್ದೇ ತಡ, ಹೆಂಗಸರೆಲ್ಲ ಬಾಯಿಗೆ ಸೆರಗಿಟ್ಟುಕೊಂಡು ನಕ್ಕರು. 'ಇವನೇನು ವೈದ್ಯನೋ, ಅಕ್ಕಸಾಲಿಯೋ' ಎಂದರು. ಅಲ್ಲಿನ ಮುದಿ ವೈದ್ಯ ಬೆರಳ ತುದಿಯಲ್ಲೇ ಅಳೆದು ಕೊಡುತ್ತಾನಂತೆ. ತಕ್ಕಡಿ ಹಿಡಿದವನಿಗೆ ವಿದ್ಯೆ ಬಂದಿಲ್ಲವೆಂದೇ ಅವರ ಎಣಿಕೆ. ನನ್ನ ಕೈಯೂ ಈಗ ಸುಮಾರಾಗಿ ಪಳಗಿದೆ."

"ಸುಮಾರಾಗಿ," ಎಂದರು ಗುರುಗಳು. ಜಗುಲಿಯಲ್ಲಿದ್ದವನಿಗೆ ಮಜ್ಜಿಗೆ ಕೊಡಿಸಿದರು. ಅವನು ಅದನ್ನು ಕುಡಿದು ಉಸಿರು ತಿರುಗಿಸಿಕೊಳ್ಳುವಷ್ಟರಲ್ಲಿ ಶಿಷ್ಯನಿಗೆ ಈ ಕತೆ ಹೇಳಿದರು.

ಗುಡ್ಡದ ಬುಡದ ಒಂದು ಊರಿನಲ್ಲಿ ಒಬ್ಬ ಬೇಟೆಗಾರನಿದ್ದ. ಊರಿನವರು ರಾಗಿ ಬೆಳೆಯುತ್ತಿದ್ದರು, ಕಾಡುಹಂದಿಗಳು ಬಂದು ಅದನ್ನು ಮೇಯುತ್ತಿದ್ದವು. ಹೀಗಾಗಿ ಕೊಯ್ಲಿಗೆ ಮುಂಚೆ ಊರಿಗೆ ಊರೇ ಬೇಟೆಗೆ ಇಳಿಯುತ್ತಿತ್ತು. ಮಾಂಸ ಎಲ್ಲ ಮನೆಗೂ ಸಮಪಾಲು, ತಲೆ ಮಾತ್ರ ಹೊಡೆದವನಿಗೆ. ಅವನು ಬುರುಡೆಯನ್ನು ಬಾಗಿಲ ಮೇಲೆ ಕಟ್ಟಿ ವರ್ಷವೆಲ್ಲ ಮೆರೆಯುತ್ತಿದ್ದ. ಆದರೆ ಅದಕ್ಕೊಂದು ಕಟ್ಟಳೆಯಿತ್ತು. ಕೋವಿಯನ್ನು ಬರಿಗೈಯಲ್ಲೇ ಎತ್ತಿ ಹಿಡಿದು, ನಿಂತು ಹೊಡೆದಿರಬೇಕು. ಬಂಡೆಗೋ ಮರಕ್ಕೋ ಒರಗಿಸಿ ಹೊಡೆದರೆ ಅದು ಅವನ ಬೇಟೆಯಲ್ಲ. 'ಮರ ಹೊಡೀತು' ಎಂದು ನಕ್ಕು, ತಲೆಯನ್ನು ಆ ಮರಕ್ಕೇ ಕಟ್ಟಿ ಬರುತ್ತಿದ್ದರು. ಕಾಗೆಗಳಿಗೆ ಹಬ್ಬ.

ನಮ್ಮ ಬೇಟೆಗಾರ ಬರಿಗೈ ಬೇಟೆಯಲ್ಲಿ ಹೆಸರು ಮಾಡಿದವನು. ಅವನ ಬಾಗಿಲ ಮೇಲೆ ಬುರುಡೆಗಳು ಸಾಲುಗಟ್ಟಿದ್ದವು. ಒಂದು ವರ್ಷ ಬೇಟೆ ಮುಗಿದ ಕೆಲವು ದಿನಗಳಿಗೆ ಅವನು ಹಳ್ಳಕ್ಕೆ ಹೋದಾಗ ನೀರಿನಲ್ಲಿ ಒಂದು ಹಂದಿ ನಿಂತಿತ್ತು. ಅವನನ್ನು ಕಂಡರೂ ಓಡಲಿಲ್ಲ. ಅದರ ಕೆಳದವಡೆ ಒಡೆದು ಜೋತುಬಿದ್ದಿತ್ತು. ಮೇಯಲಾಗದೆ ಚರ್ಮ ಎಲುಬಿಗೆ ಅಂಟಿತ್ತು. ಹರಿದ ಕಿವಿಯಿಂದ ಅವನಿಗೆ ಗುರುತು ಹತ್ತಿತು. ಬೇಟೆಯ ದಿನ ತಾನೇ ಹೊಡೆದು, 'ತಪ್ಪಿತು, ಹೋಗಲಿ ಬಿಡು' ಎಂದು ಮರೆತಿದ್ದ ಹಂದಿ ಅದು.

ಅಲ್ಲೇ ಅದರ ಸಂಕಟ ಮುಗಿಸಿ ಮನೆಗೆ ಬಂದ. ಮುದ್ದೆ ಮುಂದಿಟ್ಟರೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಏನಾಯಿತೆಂದು ಹೆಂಡತಿ ಕೇಳಿದಳು.

"ಇನ್ಮೇಲೆ ಈ ಕೈನ ನಂಬಾಕಿಲ್ಲ ಕಣೆ," ಎಂದ.

ಮಾರನೆಯ ದಿನವೇ ಕೋವಿಗೆ ಊರೆಗೋಲು ಹುಡುಕಲು ಶುರುಮಾಡಿದ. ಮೊದಲು ಒಂದೇ ಕೋಲು ನೆಟ್ಟು ನೋಡಿದ. ಕೋವಿ ಕೆಳಗೆ ಕುಸಿಯುವುದು ನಿಂತಿತು, ಆದರೆ ಮೂತಿ ಎಡಕ್ಕೂ ಬಲಕ್ಕೂ ಹೊರಳಿತು. ಎರಡು ಕೋಲು ಕಟ್ಟಿದ. ಅಡ್ಡ ಓಲಾಟ ಹೋಗಿ ಮುಂದಕ್ಕೂ ಹಿಂದಕ್ಕೂ ತೂಗಾಡಿತು. ಮೂರನೆಯದನ್ನು ಸೇರಿಸಿದಾಗ ಕೋವಿ ಬಂಡೆಯ ಮೇಲಿಟ್ಟ ಹಾಗೆ ನಿಂತಿತು. ಆಮೇಲೆ ಮರದ ಪಂಚಾಯಿತಿ. ಬಿದಿರು ಹಗುರ, ಆದರೆ ಹೆಜ್ಜೆಗೊಮ್ಮೆ ಒಂದಕ್ಕೊಂದು ಬಡಿದು ಲಟಲಟ ಎನ್ನುತ್ತಿತ್ತು, ಹಂದಿ ಅದನ್ನು ಕೇಳಿ ಎರಡು ಗುಡ್ಡ ದಾಟಿರುತ್ತಿತ್ತು. ಜಾಲಿ ಗಟ್ಟಿ, ಆದರೆ ಹೊತ್ತು ಗುಡ್ಡ ಹತ್ತುವಷ್ಟರಲ್ಲಿ ಬೇಟೆಗಾರನೇ ಬೇಟೆಯಾಗುತ್ತಿದ್ದ. ಕೊನೆಗೆ ಕೊಡಲಿಯ ಕಾವಿಗೆ ಬಳಸುವ ತಡಸಲು ಮರದ ಗಳಗಳನ್ನು ನೆರಳಿನಲ್ಲಿ ಒಣಗಿಸಿ, ಅಡಿಗೆ ಹಳೆಯ ಕಂಬಳಿ ಸುತ್ತಿ, ತುದಿಯನ್ನು ಚರ್ಮದ ಬಾರಿನಿಂದ ಕಟ್ಟಿದ. ಬೇಕಾದಂತೆ ಕಾಲು ಅಗಲಿಸಲು ಬರುವಷ್ಟು ಸಡಿಲವಾಗಿ ಕಟ್ಟಿದ.

ಕಟ್ಟಿದ್ದಾಯಿತು, ಬಳಸುವುದು ಕಲಿಯಬೇಕಲ್ಲ. ಇಳಿಜಾರಿನಲ್ಲಿ ಎರಡು ಕಾಲು ಕೆಳಗೆ, ಒಂದು ಮೇಲೆ. ಸಡಿಲ ಕಲ್ಲಿನ ಮೇಲೆ ಯಾವ ಕಾಲನ್ನೂ ಊರಕೂಡದು. ಮೈಭಾರವನ್ನೆಲ್ಲ ಕೋಲಿನ ಮೇಲೆ ಹಾಕಿದರೆ ಕೋಲೂ ನಡುಗುತ್ತದೆ. ಕೋಲು ಹೊರಬೇಕಾದದ್ದು ಕೋವಿಯನ್ನು, ಬೇಟೆಗಾರನನ್ನಲ್ಲ. ಹೊಲದ ಬದುವಿನ ಮೇಲೆ ನಿಂತು ದಿನಾ ಇದನ್ನೇ ಮಾಡಿದ. ದಾರಿಹೋಕರು ನಿಂತು ನೋಡಿ, ತಲೆ ಕೆಟ್ಟಿದೆ ಎಂದು ಮಾತಾಡಿಕೊಂಡರು.

ಮುಂದಿನ ಬೇಟೆಯಲ್ಲಿ ಅವನು ಒಂದೇ ಗುಂಡಿಗೆ ಹಂದಿಯನ್ನು ಕೆಡವಿದ. ಊರಿನವರು ಹೊಟ್ಟೆ ಹಿಡಿದುಕೊಂಡು ನಕ್ಕು, ತಲೆಯನ್ನು ಆ ಮೂರು ಕೋಲಿಗೇ ಕಟ್ಟಿದರು. 'ಕೋಲಣ್ಣ ಹೊಡೆದ' ಎಂದರು. ಅವನನ್ನು ಮುಕ್ಕಾಲಿ ಎಂದೇ ಕರೆಯತೊಡಗಿದರು. ಅವನಿಗೆ ಉರಿಯಲಿಲ್ಲವೆಂದಲ್ಲ, ಚೆನ್ನಾಗಿಯೇ ಉರಿಯಿತು. ಆದರೂ ಕೋಲು ಬಿಡಲಿಲ್ಲ.

ಮರುವರ್ಷ ಗೌಡ ಅಪ್ಪಣೆ ಮಾಡಿದ. ಇದು ಗಂಡಸರ ಬೇಟೆ, ಕುಂಟರ ಮೆರವಣಿಗೆಯಲ್ಲ. ಕೋಲು ಬಿಟ್ಟು ಬರಬೇಕು, ಇಲ್ಲವೇ ಮನೆಯಲ್ಲಿರಬೇಕು. ಬೇಟೆಗಾರ ಅಪ್ಪಣೆಯನ್ನು ಕೇಳಿಸಿಕೊಂಡ. ಬೇಟೆಯ ಬೆಳಿಗ್ಗೆ ಕೋಲುಗಳನ್ನು ಹೆಗಲ ಮೇಲೆ ಹೊತ್ತು ಎಲ್ಲರಿಗಿಂತ ಮುಂಚೆ ಬಂದು ನಿಂತಿದ್ದ. ಗೌಡ ಹಲ್ಲು ಕಡಿದ. ಅಷ್ಟರಲ್ಲಿ, ಹಂದಿಗಳನ್ನು ಎಬ್ಬಿಸಲು ಕಾಡು ಬಡಿಯುವವರ ಕೂಗು ಕೇಳಿಸಿತು.

ಪೊದೆ ಸೀಳಿಕೊಂಡು ಒಂದು ದೊಡ್ಡ ಹಂದಿ ಬಂತು. ಗೌಡ ಬರಿಗೈಯಲ್ಲಿ ಕೋವಿ ಎತ್ತಿ ಹೊಡೆದ. ಗುಂಡು ತೊಡೆಗೆ ತಾಗಿತು. ಹಂದಿ ಹಿಂದಕ್ಕೆ ತಿರುಗಿ, ಕಾಡು ಬಡಿಯುತ್ತಿದ್ದವರ ಮೇಲೆಯೇ ನುಗ್ಗಿತು. ಎಲ್ಲರೂ ಚದುರಿದರು, ಒಬ್ಬ ಎಡವಿ ಬಿದ್ದ. ಅವನು ಗೌಡನ ಸ್ವಂತ ತಮ್ಮ. ಬಿದ್ದವನು ಹಿಂದಕ್ಕೆ ತೆವಳಿ ಬಂಡೆಗೆ ಬೆನ್ನು ಕೊಟ್ಟ, ಇನ್ನು ಹೋಗಲು ಜಾಗವಿಲ್ಲ. ಹಂದಿ ಅವನೆದುರು ನಿಂತು ಕೋರೆ ಮಸೆಯಿತು. ಬೇಟೆಗೆ ಸಾಲಾಗಿ ನಿಂತಿದ್ದವರೆಲ್ಲ ಕೋವಿ ಎತ್ತಿದರು, ಎತ್ತಿದಷ್ಟೇ ಬೇಗ ಇಳಿಸಿದರು. ಒಂದು ಗೇಣು ಆಚೀಚೆಯಾದರೆ ಗುಂಡು ಮನುಷ್ಯನಿಗೆ. ತಮ್ಮ ಕೈ ಎಷ್ಟು ನಡುಗುತ್ತದೆಂದು ಅವರವರಿಗೆ ಗೊತ್ತಿತ್ತು.

ಬೇಟೆಗಾರ ಕೋಲು ಅಗಲಿಸಿದ. ಒಂದು ಕಾಲು ಕಲ್ಲಿನ ಮೇಲೆ ಕೂತು ಅಲುಗಾಡಿತು. ಅವನು ಅದನ್ನು ಎತ್ತಿ ಬೇರೆ ಕಡೆ ಊರಿ, ಒತ್ತಿ ನೋಡಿದ.

"ಹೊಡಿಯೋ ಮುಕ್ಕಾಲಿ! ಅದೇನ್ ಚಪ್ಪರ ಹಾಕ್ತಾ ಇದೀಯ ಅಲ್ಲಿ!" ಎಂದು ಗೌಡ ಅರಚಿದ. ಧ್ವನಿಯಲ್ಲಿ ಅಳು ಬಂದಿತ್ತು.

ಅವನು ಅವಸರ ಮಾಡಲಿಲ್ಲ. ಕಾಲು ಕೂತಿದೆಯೆಂದು ಖಾತ್ರಿಯಾದ ಮೇಲೆಯೇ ಕೋವಿ ಇಟ್ಟು, ಉಸಿರು ಬಿಟ್ಟು, ಹೊಡೆದ. ಹಂದಿ ನಿಂತಲ್ಲೇ ಕುಸಿಯಿತು. ಗೌಡನ ತಮ್ಮ ಮೈ ತಡವಿಕೊಂಡು ನೋಡಿ, ತಾನು ಬದುಕಿದ್ದೇನೆಂದು ತಿಳಿದಾಗ ಹೋ ಎಂದು ಅತ್ತ.

ಈಗ ತಲೆಯ ಪ್ರಶ್ನೆ ಬಂತು. ಈ ಸಲ ಯಾರೂ ನಗಲಿಲ್ಲ. ಊರಿನ ಮಾನ ಅಡಕತ್ತರಿಯಲ್ಲಿತ್ತು. ಕೋಲಿಗೆ ಕಟ್ಟಿದರೆ ಗೌಡನ ತಮ್ಮನನ್ನು ಉಳಿಸಿದ್ದು ಕೋಲು ಎಂದಾಗುತ್ತದೆ. ಬೇಟೆಗಾರನಿಗೆ ಕೊಟ್ಟರೆ ಹಿರಿಯರ ಕಟ್ಟಳೆ ಮುರಿಯುತ್ತದೆ. ಗೌಡ ಅವನನ್ನು ಪಕ್ಕಕ್ಕೆ ಕರೆದು ಹೆಗಲ ಮೇಲೆ ಕೈ ಹಾಕಿದ.

"ಬರಿಗೈಯಾಗೇ ಹೊಡ್ದೆ ಅನ್ನು. ನಾವೆಲ್ಲಾ ಹೂಂ ಅಂತೀವಿ. ತಲೆ ನಿಂದು, ಸಾಲಿನಾಗೆ ಮೊದಲ್ನೇ ಜಾಗಾನೂ ನಿಂದೇ."

"ಸುಳ್ಳು ಯಾಕೆ ಗೌಡ್ರೇ? ಕೋಲಿಟ್ಟೇ ಹೊಡ್ದಿದ್ದು. ಕೋಲಿಗೇ ಕಟ್ಟಿ."

"ಹಂಗಾರೆ ಇನ್ಮುಂದೆ ಊರ ಬೇಟೇಲಿ ನಿಂಗೆ ಜಾಗ ಇಲ್ಲ, ತಿಳ್ಕೋ."

"ತಿಳೀತು. ಕಟ್ಟಿ ಮತ್ತೆ."

ಕಟ್ಟಿದರು. ಅವನು ಆ ತಲೆ ತೂಗುತ್ತಿದ್ದ ಮೂರು ಕೋಲನ್ನೂ ಹೊತ್ತು, ಹಿತ್ತಲ ದಾರಿ ಹಿಡಿಯದೆ, ಊರ ನಡುಬೀದಿಯಲ್ಲೇ ನಡೆದ. ಮನೆ ಮುಂದೆ ಕೋಲನ್ನು ಊರಿ ನಿಲ್ಲಿಸಿದ. ಬಾಗಿಲ ಮೇಲೆ ಸಾಲುಗಟ್ಟಿದ್ದ ಹಳೆಯ ಬುರುಡೆಗಳನ್ನೆಲ್ಲ ಇಳಿಸಿ ತಿಪ್ಪೆಗೆ ಎಸೆದ. ಆ ಒಂದೊಂದು ಬುರುಡೆಗೆ ತನ್ನ ಗುಂಡಿನಿಂದ ಗಾಯಗೊಂಡು ಓಡಿದ ಹಂದಿಗಳು ಎಷ್ಟಿದ್ದವೋ ಅವನಿಗೆ ಗೊತ್ತಿರಲಿಲ್ಲ.

ಅಲ್ಲಿಂದ ಮುಂದೆ ಅವನನ್ನು ಬೇಟೆಗೆ ಕರೆಯಲಿಲ್ಲ. ಊರಿನವರು ಬರಿಗೈಯಲ್ಲೇ ಹೊಡೆದರು, ಅರೆಬರೆ ಗುಂಡು ತಿಂದ ಹಂದಿಗಳು ಪೊದೆ ಸೇರಿದವು. ಆ ಪೊದೆಗೆ ಹೋಗುವವರು ಯಾರು? ಆಗ ಒಬ್ಬೊಬ್ಬರೇ ಅವನ ಹಿತ್ತಲ ಬಾಗಿಲಿಗೆ ಬಂದು, ಬಂದು ಹಂದಿ ಮುಗಿಸಿಕೊಡು ಎಂದು ಪಿಸುಗುಟ್ಟುತ್ತಿದ್ದರು. ಅವನು ಒಲ್ಲೆ ಎನ್ನಲಿಲ್ಲ. ಆದರೆ ಮುಂಬಾಗಿಲಿಗೆ ಬಂದು ಕರೆಯಬೇಕು, ಬಂದವರೇ ಕೋಲು ಹೊತ್ತು ನಡುಬೀದಿಯಲ್ಲಿ ನಡೆಯಬೇಕು ಎಂದು ಪಟ್ಟು ಹಿಡಿಯುತ್ತಿದ್ದ. ಬೈದುಕೊಂಡರು, ಹೊತ್ತರು. ಒಂದು ಸಲ ಗೌಡನೂ ಹೊತ್ತ.

ಗುರುಗಳು ಕತೆ ನಿಲ್ಲಿಸಿದರು. ಜಗುಲಿಯಲ್ಲಿದ್ದವನು ಮಜ್ಜಿಗೆಯ ಲೋಟ ಕೆಳಗಿಟ್ಟು ಎದ್ದು ನಿಂತಿದ್ದ.

"ಊರೆಲ್ಲ ನಗುವಾಗ ಅವನಿಗೆ ನಾಚಿಕೆಯಾಗಲಿಲ್ಲವೇ ಗುರುಗಳೇ?" ಎಂದ ಮರುಳಯ್ಯ.

ಗುರುಗಳು ಗೂಡಿನಿಂದ ತಕ್ಕಡಿ ತೆಗೆದು ಅವನ ಕೈಗಿಟ್ಟರು.

"ಆಗಿರಬಹುದು, ಆದರೆ ನಾಚಿಕೆ ನಿನ್ನದು ಮರುಳಯ್ಯ, ಮದ್ದು ಕುಡಿಯುವವಳು ಬೇರೆಯವಳು."

ಮರುಳಯ್ಯ ತಕ್ಕಡಿಯನ್ನು ಚೀಲದೊಳಗೆ ಹಾಕದೆ, ಎಲ್ಲರಿಗೂ ಕಾಣುವಂತೆ ಕೈಯಲ್ಲಿ ಹಿಡಿದು ಮೆಟ್ಟಿಲಿಳಿದ.